ಬಾತುಕೋಳಿ ಮರಿ ಮೊಟ್ಟೆಯ ಚೂಪು ತುದಿಯಲ್ಲಿ ಒಡೆದಿದೆ, ನಾನೇ ಚಿಪ್ಪು ಬಿಡಿಸಿ ತೆಗೆಯಬಹುದಾ?

ಈಗಲೇ ಬೇಡ, ಸ್ವಲ್ಪ ತಡೆಯಿರಿ. ನೀವು ಬರೆದಿರುವುದು ಇಷ್ಟು: ಹೊಸನಗರದ ಹತ್ತಿರ ಮನೆ, ಥರ್ಮೋಕೋಲ್ ಡಬ್ಬಿಯ ಇನ್‌ಕ್ಯುಬೇಟರ್, ಇವತ್ತು 28ನೇ ದಿನ, ದಪ್ಪ ತುದಿ ಬಿಟ್ಟು ಚೂಪು ತುದಿಯಲ್ಲಿ ಬಿರುಕು ಬಂದಿದೆ, ನಿನ್ನೆ ರಾತ್ರಿಯಿಂದ ಒಂದು ಚೂರೂ ಮುಂದೆ ಹೋಗಿಲ್ಲ, ಒಳಗಿಂದ ಮರಿ ಕೂಗುತ್ತಿದೆ. ಕೂಗುತ್ತಿದೆ ಅಂದರೆ ಉಸಿರಾಡುತ್ತಿದೆ. ಹಾಗಾಗಿ ನಿಮಗೆ ಇನ್ನೂ ಸಮಯ ಇದೆ, ಗಾಬರಿ ಬೇಡ.

ನಮ್ಮದು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಬಾತು ಇವೆ, ಕಾವಿಗೆ ಕೂತ ಹ್ಯಾಟೆಯ ಕೆಳಗೂ ಇಡುತ್ತೇವೆ, ಇನ್‌ಕ್ಯುಬೇಟರ್‌ನಲ್ಲೂ ಇಡುತ್ತೇವೆ. ಹೀಗೆ ತಲೆಕೆಳಗಾಗಿ ಕೂತ ಮರಿಗಳನ್ನು ಕೈಯಾರೆ ಬಿಡಿಸಿದ್ದೇನೆ, ಆ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ಒಳಗೆ ಏನಾಗಿದೆ ಅಂತ ತಿಳಿದರೆ ಯಾಕೆ ಕಾಯಬೇಕು ಅನ್ನುವುದು ತಾನಾಗಿಯೇ ಅರ್ಥವಾಗುತ್ತದೆ. ಸರಿಯಾಗಿ ಕೂತ ಮರಿಯ ತಲೆ ದಪ್ಪ ತುದಿಯ ಕಡೆ, ಬಲಗಡೆ ರೆಕ್ಕೆಯ ಅಡಿಯಲ್ಲಿ ಇರುತ್ತದೆ. ಅಲ್ಲೇ ಗಾಳಿ ಚೀಲ ಇರುವುದು. ಕೊಕ್ಕಿನಿಂದ ಆ ಚೀಲವನ್ನು ತೂತು ಮಾಡಿ, ಮೊದಲ ಉಸಿರು ಅಲ್ಲೇ ಎಳೆದು, ಆಮೇಲೆ ಚಿಪ್ಪು ಒಡೆಯುತ್ತದೆ. ನಿಮ್ಮ ಮರಿಯ ತಲೆ ಚೂಪು ತುದಿಯಲ್ಲಿದೆ, ಗಾಳಿ ಚೀಲ ಕಾಲಿನ ಕಡೆಗೆ ಹೋಗಿದೆ. ಅದಕ್ಕೆ ಆ ನಡುವಿನ ಹಂತ ಸಿಗಲೇ ಇಲ್ಲ, ನೇರವಾಗಿ ಚಿಪ್ಪಿಗೇ ಕುಟ್ಟಿದೆ. ಅಂದರೆ ಅದರ ಶ್ವಾಸಕೋಶ ಕೆಲಸ ಶುರು ಮಾಡಿದ್ದೇ ನಿನ್ನೆ ರಾತ್ರಿ. ಅಲ್ಲಿಯವರೆಗೆ ಪೂರ್ತಿ ಆಮ್ಲಜನಕ ಬರುತ್ತಿದ್ದದ್ದು ಚಿಪ್ಪಿನ ಒಳಗೆ ಅಂಟಿಕೊಂಡ ಪೊರೆಯ ರಕ್ತನಾಳಗಳಿಂದ. ಆ ನಾಳಗಳಲ್ಲಿ ಇನ್ನೂ ರಕ್ತ ಓಡುತ್ತಿರುತ್ತದೆ. ಹಳದಿ ಭಾಗವೂ ಪೂರ್ತಿ ಹೊಟ್ಟೆಯೊಳಗೆ ಹೋಗಿರುವುದಿಲ್ಲ. ಈಗ ನೀವು ಚಿಪ್ಪು ಸುಲಿದರೆ ನಾಳ ಹರಿದುಹೋಗುತ್ತದೆ, ಅಷ್ಟು ಚಿಕ್ಕ ಜೀವಕ್ಕೆ ಒಂದೆರಡು ಹನಿ ರಕ್ತ ಹೋದರೂ ಜಾಸ್ತಿಯೇ.

ಬಾತು ಕೋಳಿಯ ಹಾಗಲ್ಲ, ನಿಧಾನ. ಸರಿಯಾಗಿ ಕೂತ ಮರಿಯೇ ಮೊದಲ ಬಿರುಕಿನಿಂದ ಹೊರಗೆ ಬರಲು 24ರಿಂದ 48 ಗಂಟೆ ತೆಗೆದುಕೊಳ್ಳುತ್ತದೆ. ಕೋಳಿ ಮರಿ ನೋಡಿ ಅಭ್ಯಾಸ ಇರುವವರಿಗೆ ಇದು ಸತ್ತೇ ಹೋಯಿತೇನೋ ಅನ್ನಿಸುವಷ್ಟು ಕಾಯಿಸುತ್ತದೆ. ಆದರೂ ಗಡಿಯಾರ ನೋಡಿ ನಿರ್ಧಾರ ಮಾಡಬೇಡಿ, ನಾಳ ನೋಡಿ ಮಾಡಿ.

ಈಗ ಮಾಡಬೇಕಾದದ್ದು ಉಸಿರಿಗೆ ದಾರಿ, ಅಷ್ಟೇ. ಕೈ ತೊಳೆದುಕೊಳ್ಳಿ. ಕುದಿಸಿ ಆರಿಸಿದ ಚಿಮಟ ತೆಗೆದುಕೊಂಡು ಬಿರುಕಿನ ಹತ್ತಿರದ ಚಿಪ್ಪಿನ ಚೂರನ್ನು ಕಡಲೆಕಾಳಿನ ಗಾತ್ರಕ್ಕೆ ಮಾತ್ರ ಬಿಡಿಸಿ, ಕೆಳಗಿನ ಬಿಳಿ ಪೊರೆ ಮುಟ್ಟಬೇಡಿ. ಕೊಕ್ಕಿನ ಮೇಲಿನ ಎರಡು ಮೂಗಿನ ತೂತು ಕಾಣಿಸುತ್ತಿವೆಯಾ ನೋಡಿ. ಪೊರೆ ಅದರ ಮೇಲೆ ಅಂಟಿದ್ದರೆ ಅಷ್ಟು ಜಾಗದಲ್ಲಿ ಮಾತ್ರ ಸರಿಸಿ. ಆಮೇಲೆ ಆ ತೂತು ಮೇಲೆ ಬರುವ ಹಾಗೆ ಮೊಟ್ಟೆಯನ್ನು ಬಟ್ಟೆಗೆ ಒರಗಿಸಿ ಮತ್ತೆ ಡಬ್ಬಿಗೆ ಇಡಿ. ಇಷ್ಟೂ ಕೆಲಸ ಎರಡು ಮೂರು ನಿಮಿಷದಲ್ಲಿ ಮುಗಿಯಬೇಕು, ಬಾಗಿಲು ಕಿಟಕಿ ಹಾಕಿಕೊಂಡು ಮಾಡಿ.

ಇನ್ನೊಂದು ವಿಷಯ, ನಮ್ಮ ಮಲೆನಾಡಿನವರು ತಪ್ಪದೆ ಎಡವುವುದು ಇಲ್ಲಿ. ಹೊರಗೆ ಮಳೆ ಸುರಿಯುತ್ತಿದೆ, ಗೋಡೆಯೇ ಒದ್ದೆ, ಇನ್ನು ತೇವ ಯಾಕೆ ಅಂತ ನೀರಿನ ಬಟ್ಟಲು ಇಡುವುದಿಲ್ಲ. ಆದರೆ ಅದೇ ಗಾಳಿಯನ್ನು 37.5 ಡಿಗ್ರಿಗೆ ಬಿಸಿ ಮಾಡಿದಾಗ ತೇವಾಂಶ ಅರ್ಧಕ್ಕಿಂತ ಕೆಳಗೆ ಇಳಿದುಬಿಡುತ್ತದೆ. ಮರಿ ಒಡೆಯುವ ಹೊತ್ತಿನಲ್ಲಿ 70 ಶೇಕಡಕ್ಕಿಂತ ಮೇಲೆ ಬೇಕು. ಅಗಲವಾದ ತಟ್ಟೆಯಲ್ಲಿ ಬಿಸಿ ನೀರು, ಅದರಲ್ಲಿ ಒಂದು ತುಂಡು ಸ್ಪಂಜು ಇಡಿ. ಇಲ್ಲದಿದ್ದರೆ ತೂತಿನ ಸುತ್ತ ಪೊರೆ ಒಣಗಿ ಕಂದು ಬಣ್ಣಕ್ಕೆ ತಿರುಗಿ ಮರಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಆಮೇಲೆ ಅದು ತಲೆ ಅಲ್ಲಾಡಿಸುವುದೂ ಕಷ್ಟ. ಕರೆಂಟ್ ಹೋದರೆ ಬಿಸಿ ನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿ ಇಡಿ. ಇರುವೆ ಬಗ್ಗೆಯೂ ಎಚ್ಚರ, ಒಡೆದ ಮೊಟ್ಟೆಯ ವಾಸನೆಗೆ ಸಾಲುಗಟ್ಟಿ ಬರುತ್ತವೆ, ಡಬ್ಬಿ ಇಟ್ಟ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ.

ಇನ್ನು ಸಂಜೆ ನೋಡಿ. ಬಡ್ಸ್ ತುದಿಗೆ ಉಗುರು ಬೆಚ್ಚಗಿನ ಕೊಬ್ಬರಿ ಎಣ್ಣೆ ಮುಟ್ಟಿಸಿ ಕಾಣುವ ಪೊರೆಗೆ ಸವರಿ, ಮೂಗಿಗೆ ಮಾತ್ರ ತಾಗಬಾರದು. ಎಣ್ಣೆ ತಾಗಿದ ಕೂಡಲೇ ಬೆಳ್ಳಗಿದ್ದ ಪೊರೆ ತಿಳಿಯಾಗುತ್ತದೆ, ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಒಳಗಿನ ನಾಳಗಳು ಕವಲು ಕವಲಾಗಿ ಕಾಣುತ್ತವೆ. ದಪ್ಪಗೆ, ಕೆಂಪಗೆ ಇದ್ದರೆ ಮುಚ್ಚಿಟ್ಟು ಮೂರು ನಾಲ್ಕು ಗಂಟೆ ಬಿಡಿ. ಮರಿಯ ಕೊಕ್ಕನ್ನೂ ಗಮನಿಸಿ. ಏನೋ ಅಗಿಯುವ ಹಾಗೆ ನಿಧಾನಕ್ಕೆ ಬಾಯಿ ತೆರೆದು ಮುಚ್ಚುತ್ತಾ, ನಡುವೆ ಆಕಳಿಸುತ್ತಾ ಇದ್ದರೆ ಹಳದಿ ಇನ್ನೂ ಒಳಗೆ ಹೋಗುತ್ತಿದೆ ಅಂತ. ನನಗೆ ಎಲ್ಲಕ್ಕಿಂತ ನಂಬಿಕೆ ಇರುವ ಗುರುತು ಇದು. ಹಾಗೆ ಅಗಿಯುತ್ತಿರುವ ಮರಿಗೆ ನಾನು ಕೈ ಹಾಕುವುದಿಲ್ಲ.

ಅಗಿಯುವುದು ನಿಂತು, ನಾಳಗಳು ಬಣ್ಣ ಕಳೆದುಕೊಂಡು ನೂಲಿನಷ್ಟು ಸಣ್ಣಗಾದ ಮೇಲೆ ಶುರು ಮಾಡಿ. ಒಂದೇ ಸಲಕ್ಕೆ ಅಲ್ಲ. ತೂತಿನ ಸುತ್ತ ಒಂದೊಂದೇ ಚೂರು ಚಿಪ್ಪು, ಆಮೇಲೆ ಎಣ್ಣೆ, ಆಮೇಲೆ ಪೊರೆಯಲ್ಲಿ ಸಣ್ಣ ಸೀಳು. ಎಲ್ಲಾದರೂ ಕೆಂಪು ಕಂಡರೆ ಅಲ್ಲೇ ನಿಲ್ಲಿಸಿ. ರಕ್ತ ಬಂದರೆ ಬಡ್ಸ್ ತುದಿಗೆ ಕಾರ್ನ್‌ಫ್ಲೋರ್ ಅದ್ದಿ ಮೆಲ್ಲಗೆ ಒತ್ತಿ ಹಿಡಿಯಿರಿ, ನಿಂತ ಮೇಲೆ ಮತ್ತೆ ಡಬ್ಬಿಗೆ. ತಲೆ ಮತ್ತು ಕುತ್ತಿಗೆ ಬಿಡಿಸಿಕೊಂಡರೆ ನಿಮ್ಮ ಕೆಲಸ ಮುಗಿಯಿತು. ಹಿಂಭಾಗ ಚಿಪ್ಪಿನಲ್ಲೇ ಇರಲಿ, ಕಾಲಿನಿಂದ ಅದೇ ಒದ್ದು ಹೊರಗೆ ಬರಬೇಕು. ಎಳೆಯಲೇಬೇಡಿ, ಹೊಕ್ಕುಳ ಕಿತ್ತು ಬರುತ್ತದೆ. ಹಳದಿ ಸ್ವಲ್ಪ ಹೊರಗೆ ಉಳಿದಿದ್ದರೆ ಕತ್ತರಿಸಬಾರದು, ಒದ್ದೆ ಮಾಡಿದ ಚೊಕ್ಕ ಬಟ್ಟೆ ಹಾಸಿದ ಬಟ್ಟಲಲ್ಲಿ ಮರಿಯನ್ನು ಕೂರಿಸಿ ಇನ್‌ಕ್ಯುಬೇಟರ್‌ನಲ್ಲೇ ಬಿಡಿ. ಬಂದ ಮೇಲೆ ಹೊಕ್ಕುಳಿಗೆ ಒಂದು ಹನಿ ಪೊವಿಡೋನ್ ಅಯೋಡಿನ್ ಹಚ್ಚಿ.

ಮೈ ಒಣಗುವವರೆಗೆ ನೀರು, ಆಹಾರ ಯಾವುದೂ ಬೇಡ, ಒಂದು ದಿನಕ್ಕೆ ಒಳಗಿನ ಹಳದಿಯೇ ಸಾಕು. ನೆಲಕ್ಕೆ ಪೇಪರ್ ಹಾಸಬೇಡಿ, ಕಾಲು ಜಾರಿ ಎರಡು ಕಡೆಗೆ ಸೀಳಿ ಹೋಗುತ್ತದೆ, ಗೋಣಿ ತುಂಡು ಹಾಸಿ. ಕೋಳಿ ಮರಿಯ ಫೀಡ್ ಕೊಡುವುದಾದರೆ ಬಿ-ಕಾಂಪ್ಲೆಕ್ಸ್ ಟಾನಿಕ್ ಬಗ್ಗೆ ಡಾಕ್ಟರನ್ನು ಕೇಳಿ, ಬಾತಿಗೆ ನಯಾಸಿನ್ ಅನ್ನುವ ಬಿ ವಿಟಮಿನ್ ಜಾಸ್ತಿ ಬೇಕು, ಕಮ್ಮಿಯಾದರೆ ಕಾಲು ಬಲ ಕಳೆದುಕೊಳ್ಳುತ್ತದೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಅನುಮಾನ ಇದ್ದರೆ ಅಲ್ಲಿ ಕೇಳಬಹುದು.

ಇಷ್ಟೆಲ್ಲ ಮಾಡಿದರೂ ಕೆಲವು ಮರಿ ಉಳಿಯುವುದಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಹಾಗಾದರೆ ಅದು ನಿಮ್ಮ ಕೈಯಿಂದಲೇ ಆಯಿತು ಅಂತ ಅಂದುಕೊಳ್ಳಬೇಡಿ.

ಡಬ್ಬಿಯಲ್ಲಿರುವ ಬೇರೆ ಮೊಟ್ಟೆಗಳನ್ನೂ ಇವತ್ತೇ ಒಮ್ಮೆ ಟಾರ್ಚ್ ಹಿಡಿದು ನೋಡಿ. ದಪ್ಪ ತುದಿಯ ಗಾಳಿ ಚೀಲದಲ್ಲಿ ಕೊಕ್ಕಿನ ನೆರಳು ಅಲ್ಲಾಡುತ್ತಿದ್ದರೆ ಆ ಮರಿ ಸರಿಯಾಗಿ ಕೂತಿದೆ, ಸುಮ್ನೆ ಬಿಡಿ. ನೆರಳು ಕಂಡು 24 ಗಂಟೆ ಕಳೆದರೂ ಚಿಪ್ಪು ಬಿರಿಯದಿದ್ದರೆ ಗಾಳಿ ಚೀಲದ ನೆತ್ತಿಯಲ್ಲಿ ಸೂಜಿಯಿಂದ ಒಂದು ಸಣ್ಣ ತೂತು ಮಾಡಿ, ಉಸಿರಿಗೆ ಅಷ್ಟು ಸಾಕು. ಮುಂದಿನ ಸಲ ಮೊಟ್ಟೆ ಕೂಡಿಡುವಾಗ ಚೂಪು ತುದಿ ಕೆಳಗೆ ಮಾಡಿ ಇಡಿ, ಕಾವಿಗೆ ಇಟ್ಟ ಮೇಲೆ ಚೂಪು ತುದಿ ಯಾವತ್ತೂ ಮೇಲೆ ಬರಬಾರದು, 25ನೇ ದಿನದವರೆಗೆ ದಿನಕ್ಕೆ ನಾಲ್ಕೈದು ಸಲವಾದರೂ ತಿರುಗಿಸಿ. ತಲೆಕೆಳಗಾಗುವ ಮರಿಗಳು ಆಗ ಕಮ್ಮಿಯಾಗುತ್ತವೆ.