ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಪಾಠ ಮಾಡುವ ಮಹಿಳೆ ಅಂಥ ಕಾಲೇಜಿನ ಪ್ರೆಸಿಡೆಂಟ್, ಅಂದರೆ ಇಡೀ ಕಾಲೇಜಿನ ಮುಖ್ಯಸ್ಥೆ, ಆಗಬಹುದಾ?

ಆಗಬಹುದು, ಆದರೆ ಒಂದೇ ನೆಗೆತಕ್ಕೆ ಅಲ್ಲ. ಕಮ್ಯುನಿಟಿ ಕಾಲೇಜು ಅಂದರೆ ಹೆಚ್ಚಾಗಿ ಎರಡು ವರ್ಷದ ಸರ್ಕಾರಿ ಕಾಲೇಜು. ಫೀಸು ಕಮ್ಮಿ, ನರ್ಸಿಂಗ್‌ನಿಂದ ಹಿಡಿದು ವೆಲ್ಡಿಂಗ್‌ವರೆಗೂ ಕಲಿಸುತ್ತಾರೆ.

ಸೋನ್ಯಾ ಕ್ರಿಶ್ಚಿಯನ್ ಅವರನ್ನೇ ನೋಡಿ. ನಮ್ಮ ಪಕ್ಕದ ಕೇರಳದವರು. 1991ರಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಕಾಲೇಜಿಗೆ ಗಣಿತ ಹೇಳಿಕೊಡೋಕೆ ಸೇರಿದರು, ಅಲ್ಲೇ ವಿಭಾಗದ ಮುಖ್ಯಸ್ಥೆ, ಡೀನ್ ಆದರು, ಆಮೇಲೆ ಆರೆಗನ್ ರಾಜ್ಯದ ಲೇನ್ ಕಾಲೇಜಿಗೆ ಹೋಗಿ ವೈಸ್ ಪ್ರೆಸಿಡೆಂಟ್ ಆಗಿ, 2013ರಲ್ಲಿ ಅದೇ ಬೇಕರ್ಸ್‌ಫೀಲ್ಡ್‌ಗೆ ಪ್ರೆಸಿಡೆಂಟ್ ಆಗಿ ವಾಪಸ್ ಬಂದರು. 2023ರಲ್ಲಿ ಇಡೀ ಕ್ಯಾಲಿಫೋರ್ನಿಯಾದ 116 ಕಮ್ಯುನಿಟಿ ಕಾಲೇಜುಗಳಿಗೆ ಚಾನ್ಸಲರ್, ಅಂದರೆ ಮುಖ್ಯಸ್ಥೆ, ಆದರು. ಆ ಹುದ್ದೆಗೆ ಕಾಯಂ ಆಗಿ ಬಂದ ಮೊದಲ ಮಹಿಳೆ ಅವರೇ.

ನನ್ನ ಪ್ರಕಾರ ಕಷ್ಟದ ಮೆಟ್ಟಿಲು ಡೀನ್. ಟೈಮ್‌ಟೇಬಲ್, ಬಜೆಟ್, ಅರೆಕಾಲಿಕ ಮೇಷ್ಟ್ರುಗಳ ನೇಮಕ, ಎಲ್ಲ ತಲೆ ಮೇಲೆ ಬರುತ್ತೆ, ಪಾಠ ಮಾತ್ರ ಕೈ ಬಿಡುತ್ತೆ. ಅದರ ಮೇಲಕ್ಕೆ ಹೋಗೋಕೆ ಸಾಮಾನ್ಯವಾಗಿ ಡಾಕ್ಟರೇಟ್ ಬೇಕು. ಇನ್ನೊಂದು, ಖಾಲಿ ಹುದ್ದೆ ಬೇರೆ ರಾಜ್ಯದಲ್ಲಿದ್ದರೆ ಮನೆ ಎತ್ತಿಕೊಂಡು ಹೋಗಬೇಕು. ಗಂಡನ ಕೆಲಸ, ಮಕ್ಕಳ ಸ್ಕೂಲು ಅಂತ ತುಂಬಾ ಜನ ಹೆಂಗಸರು ನಿಲ್ಲೋದು ಅಲ್ಲೇ ಅಲ್ವಾ?