ನಷ್ಟದ ಗಾಲ್ಫ್ ಕೋರ್ಸಿಗೆ ತೆರಿಗೆ ಹಣ ಹಾಕಬಹುದೆ?

ಪ್ರಶ್ನೆ: ನಗರಾಡಳಿತ ನಡೆಸುವ ಗಾಲ್ಫ್ ಕೋರ್ಸ್ ವರ್ಷವರ್ಷವೂ ನಷ್ಟದಲ್ಲಿದ್ದರೆ ತೆರಿಗೆ ಹಣದಿಂದ ತುಂಬಿಕೊಡುವುದು ಸರಿಯೆ? ಉದ್ಯಾನ, ಗ್ರಂಥಾಲಯಗಳಿಂದಲೂ ಲಾಭ ಬರುವುದಿಲ್ಲವಲ್ಲ?

ಉತ್ತರ: ಉದ್ಯಾನದ ಹೋಲಿಕೆ ಅರ್ಧ ಮಾತ್ರ ಸರಿ. 18 ಹೋಲ್‌ಗಳ (ಚೆಂಡು ಹೊಡೆಯುತ್ತ ಹೋಗಿ ಕುಳಿಗೆ ಸೇರಿಸುವ 18 ಅಂಕಣಗಳ) ಕೋರ್ಸಿಗೆ ಸಾಮಾನ್ಯವಾಗಿ 120ರಿಂದ 180 ಎಕರೆ ಬೇಕು. 10 ನಿಮಿಷಕ್ಕೊಂದು ನಾಲ್ವರ ತಂಡ ಆಟ ಶುರುಮಾಡಿದರೆ ಗಂಟೆಗೆ 24 ಜನ. ಒಂದು ಸುತ್ತಿಗೆ ನಾಲ್ಕು ಗಂಟೆ ಹಿಡಿದರೆ, ತುಂಬಿದ ದಿನವೂ ಅಷ್ಟು ದೊಡ್ಡ ಜಾಗದಲ್ಲಿ ಒಮ್ಮೆಗೆ ಆಡುತ್ತಿರುವವರು ನೂರರ ಒಳಗೆ. ಚೆಂಡು ಬಡಿಯುವ ಅಪಾಯವಿರುವುದರಿಂದ ಬೇರೆಯವರನ್ನು ಒಳಗೆ ಬಿಡುವಂತಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಸಾಮಾನ್ಯವಾಗಿ ಭಾನುವಾರ ಆಟ ನಿಲ್ಲಿಸಿ ಜನರ ತಿರುಗಾಟಕ್ಕೆ ತೆರೆದಿರುತ್ತದೆ. ಸಹಾಯಧನ ಕೇಳುವ ಕೋರ್ಸ್ ಕನಿಷ್ಠ ಇಷ್ಟನ್ನಾದರೂ ಕೊಡಬೇಕು.

ಆದರೆ ಮೊದಲು ‘ನಷ್ಟ’ ಎಂಬುದನ್ನೇ ಬಿಡಿಸಿ ನೋಡಿ. ಶುಲ್ಕದ ಆದಾಯದಿಂದ ಸಂಬಳ, ನೀರು, ಇಂಧನ, ಗೊಬ್ಬರದ ಖರ್ಚು ಹುಟ್ಟುತ್ತಿದೆಯೆ? ಹುಟ್ಟಿದ ಮೇಲೂ ಕೊರತೆ ಕಾಣುತ್ತಿದ್ದರೆ ಅದು ಹಳೆಯ ಸಾಲದ ಕಂತೋ, ಸವಕಳಿಯೋ (ಯಂತ್ರ, ಕಟ್ಟಡ ಹಳತಾದಂತೆ ಬೆಲೆ ಇಳಿಯುವುದರ ಲೆಕ್ಕ), ಪಾಲಿಕೆಯ ಕಚೇರಿ ವೆಚ್ಚದಲ್ಲಿ ಕೋರ್ಸಿನ ತಲೆಗೆ ಕಟ್ಟಿದ ಪಾಲೋ ಆಗಿರುತ್ತದೆ. ಕೋರ್ಸ್ ಮುಚ್ಚಿದರೂ ಸಾಲದ ಕಂತು ನಿಲ್ಲುವುದಿಲ್ಲ. ದಿನದ ಖರ್ಚೇ ಹುಟ್ಟದಿದ್ದರೆ ಮಾತ್ರ ಕಾಯಿಲೆ ಆಳದಲ್ಲಿದೆ ಎಂದರ್ಥ.

ನಮ್ಮ ಅಭಿಪ್ರಾಯ ಇಷ್ಟು: ಎಲ್ಲ ಆಟಗಾರರ ಶುಲ್ಕ ಇಳಿಸಲು ತೆರಿಗೆ ಹಣ ಬೇಡ. ಮಕ್ಕಳ ತರಬೇತಿ, ಹಿರಿಯರ ರಿಯಾಯಿತಿ, ಮಳೆನೀರು ನಿಲ್ಲುವ ತಗ್ಗು, ನಡಿಗೆ ದಾರಿ ಇವುಗಳಿಗೆ ಕೊಡಿ. ಕೊಟ್ಟ ಮೊತ್ತವನ್ನು ಬಜೆಟ್‌ನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ, ಅದಕ್ಕೊಂದು ಅವಧಿಯನ್ನೂ ಹಾಕಿ. ಅಮೆರಿಕದ ಸ್ಯಾನ್ ಡಿಯೇಗೋ ನಗರಾಡಳಿತದ ಟೋರಿ ಪೈನ್ಸ್ ಕೋರ್ಸಿನಲ್ಲಿ (2008 ಮತ್ತು 2021ರ ಯುಎಸ್ ಓಪನ್ ಗಾಲ್ಫ್ ಪಂದ್ಯಾವಳಿ ನಡೆದದ್ದು ಇಲ್ಲೇ) ನಗರವಾಸಿಗಳಿಗೆ ಒಂದು ದರ, ಹೊರಗಿನವರಿಗೆ ಅದಕ್ಕಿಂತ ಬಹಳ ಹೆಚ್ಚಿನ ದರ. ಎಲ್ಲ ಕೋರ್ಸಿಗೂ ಅಂಥ ಹೆಸರಿರುವುದಿಲ್ಲ, ನಿಜ. ಆದರೂ ವಾರದ ನಡುವಿನ ಮಧ್ಯಾಹ್ನಕ್ಕೂ ಶನಿವಾರದ ಬೆಳಗಿಗೂ ಒಂದೇ ದರ ಇಡುವುದು ತಪ್ಪು. ಖಾಲಿ ಹೋದ ಹೊತ್ತು ಬಸ್ಸಿನ ಖಾಲಿ ಸೀಟಿನಂತೆ, ಮತ್ತೆ ಮಾರಲು ಬರುವುದಿಲ್ಲ.

ಪ್ರಶ್ನೆ: ನಿರ್ವಹಣೆ ಖರ್ಚು ಕಡಿತ ಮಾಡಿದರೆ ಸಾಲದೆ?

ಉತ್ತರ: ಎಲ್ಲಿ ಕಡಿತ ಎನ್ನುವುದೇ ಮುಖ್ಯ. ಗ್ರೀನ್‌ಗಳೆಲ್ಲ (ಕುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಜಾಗಗಳು) ಸೇರಿ ಮೂರು ಎಕರೆ ಆಸುಪಾಸು. ಆದರೆ ಹುಲ್ಲನ್ನು ಸುಮಾರು 3 ಮಿಲಿಮೀಟರಿಗೆ ಕತ್ತರಿಸುವುದು ಅಲ್ಲೇ, ಹೆಚ್ಚು ಆಳು ಬೇಕಾಗುವುದೂ ಅಲ್ಲೇ. ಹಣ ಉಳಿಸಲು ಮೊದಲು ಕೈಬಿಡುವುದು ಗ್ರೀನಿಗೆ ರಂಧ್ರ ತೆಗೆಯುವ ಕೆಲಸವನ್ನು. ಸುಮಾರು 12 ಮಿಲಿಮೀಟರ್ ಅಗಲದ ಟೊಳ್ಳು ಮೊಳೆಗಳಿಂದ 5ರಿಂದ 8 ಸೆಂಟಿಮೀಟರ್ ಆಳಕ್ಕೆ ಮಣ್ಣು ಕಿತ್ತು, ಆ ರಂಧ್ರಗಳಿಗೆ ಮರಳು ತುಂಬಬೇಕು. ಎರಡು ಮೂರು ವಾರ ಗ್ರೀನ್ ಒರಟಾಗಿರುತ್ತದೆ, ಆಟಗಾರರು ಗೊಣಗುತ್ತಾರೆ. ಇದನ್ನು ತಪ್ಪಿಸುತ್ತ ಬಂದರೆ ಸತ್ತ ಬೇರು, ಕಾಂಡಗಳ ಪದರ ಸ್ಪಂಜಿನಂತೆ ನೀರು ಹಿಡಿಯುತ್ತದೆ, ಬೇರು ಮೇಲೆಯೇ ಉಳಿಯುತ್ತದೆ, ಬಿಸಿಲಿಗೆ ಶಿಲೀಂಧ್ರ ಬಂದು ಹುಲ್ಲು ತೇಪೆತೇಪೆಯಾಗಿ ಸಾಯುತ್ತದೆ. ಆಟಗಾರರು ಬೇರೆಡೆ ಹೋಗುತ್ತಾರೆ, ಉಳಿಸಿದ್ದಕ್ಕಿಂತ ಹೆಚ್ಚು ಆದಾಯ ಕೈಬಿಡುತ್ತದೆ.

ಚೆಂಡು ಅಪರೂಪಕ್ಕೆ ಬೀಳುವ ಅಂಚುಗಳನ್ನು ಕತ್ತರಿಸದೆ, ನೀರು ಹಾಯಿಸದೆ ಬಿಡಿ. ಉಳಿತಾಯ ಅಲ್ಲಿದೆ.

ಪ್ರಶ್ನೆ: ಮುಚ್ಚಿ ಉದ್ಯಾನ ಮಾಡುವುದು ಅಗ್ಗವೆ?

ಉತ್ತರ: ಉದ್ಯಾನಕ್ಕೂ ಹುಲ್ಲು ಕತ್ತರಿಸಬೇಕು, ಕಾವಲು ಬೇಕು, ಶುಲ್ಕ ಮಾತ್ರ ಬರುವುದಿಲ್ಲ. ಹಳೆಯ ಕೋರ್ಸ್ ಆದರೆ ಗ್ರೀನ್‌ಗಳ ಮಣ್ಣಿನಲ್ಲಿ ಹಿಂದಿನ ಕಾಲದ ಪಾದರಸ, ಆರ್ಸೆನಿಕ್ ಔಷಧಿಗಳ ಶೇಷ ಇರಬಹುದು, ಪರೀಕ್ಷೆ ಮಾಡಿಸಿ. ಜಮೀನು ದಾನವಾಗಿ ಬಂದಿದ್ದರೆ ಪತ್ರದ ಷರತ್ತುಗಳನ್ನು ವಕೀಲರಿಂದ ಓದಿಸಿ. ನಡುವಿನ ದಾರಿಯೂ ಇದೆ: 18 ಹೋಲ್‌ಗಳನ್ನು 9ಕ್ಕೆ ಇಳಿಸಿ, ಉಳಿದ ನೆಲವನ್ನು ಎಲ್ಲರಿಗೂ ಬಿಟ್ಟುಕೊಡುವುದು. ನೀರಿನ ಕೊಳವೆ ಜಾಲ ಬದಲಿಸುವ ಸಮಯ, ಅಂದರೆ ಹಾಕಿ 20-30 ವರ್ಷವಾದಾಗ, ಈ ನಿರ್ಧಾರಕ್ಕೆ ಸರಿಯಾದ ಹೊತ್ತು. ಹೊಸ ಕೊಳವೆ ಅರ್ಧ ಜಾಗಕ್ಕೆ ಹಾಕಿದರೆ ಸಾಕಾಗುತ್ತದೆ.