ಅಪ್ಪನ ಅಂಬಾಸಿಡರ್ ಮೂರು ಸಾವಿರ ಕಿಲೋಮೀಟರ್ ಓಡೀತೇ?

ಪ್ರಶ್ನೆ: ಅಪ್ಪ ಬಿಟ್ಟುಹೋದ 1966ರ ಅಂಬಾಸಿಡರ್ ಮಾರ್ಕ್ 2 ನಮ್ಮ ಮನೆಯಲ್ಲಿದೆ. ಎಂಜಿನ್ ಮೊದಲಿನದೇ, ಹ್ಯಾಂಡ್ ಗೇರ್. ಆಯುಧಪೂಜೆಗೆ ಊರೊಳಗೆ ಒಂದು ಸುತ್ತು ಹೊಡೆಸುವುದು ಬಿಟ್ಟರೆ ಓಡಿಸುವುದು ಕಡಿಮೆ. ಮುಂದಿನ ವರ್ಷ ಹತ್ತು ದಿನಗಳ, ಸುಮಾರು 3,000 ಕಿ.ಮೀ. ಕ್ಲಾಸಿಕ್ ರ‍್ಯಾಲಿಗೆ ಹೋಗುವ ಆಸೆ. ನಮ್ಮ ಮೇಸ್ತ್ರಿ ‘ಈ ಎಂಜಿನ್ನಲ್ಲಿ ಆಗಲ್ಲ ಸಾರ್, ಇಸುಝು ಎಂಜಿನ್ ಕೂರಿಸಿ ಮುಂದಕ್ಕೆ ಡಿಸ್ಕ್ ಬ್ರೇಕ್ ಹಾಕೋಣ’ ಅಂತಾರೆ. ಹಾಕಿಸಲೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಬೇಡ. ನಿಮ್ಮ ಮೇಸ್ತ್ರಿ ಹೇಳುವುದು ದಿನಾ ಹೆದ್ದಾರಿಯಲ್ಲಿ ಓಡಾಡುವ ಕಾರಿಗೆ ಸರಿ. ಕ್ಲಾಸಿಕ್ ರ‍್ಯಾಲಿಗೆ ಹೋಗುವ ಕಾರು ತನ್ನ ಕಾಲದ ಯಂತ್ರದಲ್ಲೇ ಇರಬೇಕೆಂದು ಸಂಘಟಕರು ಸಾಮಾನ್ಯವಾಗಿ ಕೇಳುತ್ತಾರೆ. ತೊಂಬತ್ತರ ದಶಕದಲ್ಲಿ ಅಂಬಾಸಿಡರ್‌ಗೆ ಬಂದ ಇಸುಝು ಎಂಜಿನ್ನನ್ನು 1966ರ ಗಾಡಿಗೆ ಕೂರಿಸಿದರೆ ಪರಿಶೀಲನೆಯ ಮೇಜಿನಲ್ಲೇ ನಿಮ್ಮ ರ‍್ಯಾಲಿ ಮುಗಿಯಬಹುದು.

ಅದಕ್ಕಿಂತ ದೊಡ್ಡ ಮಾತು, ಈ ಆಟದಲ್ಲಿ ಶಕ್ತಿಯ ಕೊರತೆಯಿಂದ ಸೋತವರಿಗಿಂತ ಗಾಡಿ ಮುರಿದುಕೊಂಡು ಸೋತವರೇ ಹೆಚ್ಚು. 1968ರ ಲಂಡನ್–ಸಿಡ್ನಿ ಮ್ಯಾರಥಾನ್ ನೆನಪಿಸಿಕೊಳ್ಳಿ. ನವೆಂಬರ್ 24ರಂದು ಲಂಡನ್ನಿನಿಂದ 98 ಕಾರು ಹೊರಟವು. ಕಾಬೂಲ್, ದೆಹಲಿ ದಾಟಿ ಮುಂಬಯಿಗೆ ಬಂದು, ಅಲ್ಲಿಂದ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ. ಮುಂಬಯಿಯಲ್ಲಿ ಮುಂದಿದ್ದ ರೋಜರ್ ಕ್ಲಾರ್ಕ್ ಅವರ ಲೋಟಸ್ ಕಾರ್ಟಿನಾ ಆಸ್ಟ್ರೇಲಿಯಾದಲ್ಲಿ ಕೈಕೊಟ್ಟಿತು. ಕೊನೆಯ ದಿನ ಮುಂದಿದ್ದ ಲೂಸಿಯನ್ ಬಿಯಾಂಕಿ ಅವರ ಸಿಟ್ರೊಯೆನ್ ಗುರಿ ಹತ್ತಿರವಾದಾಗ ಎದುರಿನಿಂದ ಬಂದ ಕಾರಿಗೆ ಡಿಕ್ಕಿಯಾಯಿತು. ಗೆದ್ದದ್ದು ಆ್ಯಂಡ್ರ್ಯೂ ಕೋವನ್ ತಂಡದ ಹಿಲ್‌ಮನ್ ಹಂಟರ್, ಆಫೀಸಿಗೆ ಹೋಗಿಬರುವ ಸಾಧಾರಣ ಸಲೂನ್ ಕಾರು. ಸಿಡ್ನಿ ಮುಟ್ಟಿದ್ದು 56 ಕಾರು ಮಾತ್ರ.

ನಿಮ್ಮ 1,489 ಸಿಸಿ ಎಂಜಿನ್ 3,000 ಕಿ.ಮೀ. ಓಡುತ್ತದೆ. ಆದರೆ ವರ್ಷಕ್ಕೊಂದು ಸುತ್ತು ಹೊಡೆದ ಗಾಡಿ ಓಡುವುದಿಲ್ಲ. ಇಂದಿನಿಂದಲೇ ತಿಂಗಳಿಗೆ 300–400 ಕಿ.ಮೀ. ಓಡಿಸಲು ಶುರು ಮಾಡಿ. ಮುರಿಯುವುದೆಲ್ಲ ಮನೆ ಹತ್ತಿರವೇ ಮುರಿಯಲಿ. ರ‍್ಯಾಲಿಗೆ ವಾರವಿರುವಾಗ ಹೊಸ ಪಾರ್ಟು ಹಾಕುವ ಉತ್ಸಾಹ ಮಾತ್ರ ಬೇಡ. ಕಿಡಿ ಹೊತ್ತಿಸುವ ವ್ಯವಸ್ಥೆಯ ಪುಟ್ಟ ಭಾಗವಾದ ಕಂಡೆನ್ಸರ್ ಹೊಸದು ಬಂದರೆ ಅದನ್ನು ಹಾಕಿ 500 ಕಿ.ಮೀ. ಓಡಿಸಿ, ಬಿಚ್ಚಿ, ಸ್ಪೇರ್ ಆಗಿ ಇಟ್ಟುಕೊಳ್ಳಿ. ಈಗ ಮಾರುಕಟ್ಟೆಗೆ ಬರುವ ಕಂಡೆನ್ಸರ್‌ಗಳನ್ನು ನಾನು ಡಬ್ಬಿಯಲ್ಲಿರುವಾಗ ನಂಬುವುದಿಲ್ಲ.

ಮೊದಲ ಶತ್ರು ಬಿಸಿ. ಈ ಎಂಜಿನ್ನಲ್ಲಿ ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಕೂತಿರುವುದು ಬಿಸಿ ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನೆತ್ತಿಯ ಮೇಲೆ. ಸೆಕೆಗಾಲದ ಮಧ್ಯಾಹ್ನ ಟೋಲ್ ಸಾಲಿನಲ್ಲಿ ಹತ್ತು ನಿಮಿಷ ನಿಂತರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಗಾಡಿ ಆಫ್ ಆಗುತ್ತದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು ಹಳೆಯ ಮದ್ದು, ಈಗಲೂ ನಡೆಯುತ್ತದೆ. ಕಾರ್ಬುರೇಟರ್, ಮ್ಯಾನಿಫೋಲ್ಡ್ ನಡುವೆ ಒಂದು ತಗಡಿನ ತಡೆ ಹಾಕಿ, ಪೈಪನ್ನು ಮ್ಯಾನಿಫೋಲ್ಡಿನಿಂದ ದೂರ ತಿರುಗಿಸಿದರೆ ಬಟ್ಟೆಯ ಗೊಡವೆಯೇ ಇರುವುದಿಲ್ಲ. ರೇಡಿಯೇಟರನ್ನು ಹೊರಗಿನಿಂದ ತೊಳೆದರೆ ಸಾಲದು, ಕೋರ್ ಬಿಚ್ಚಿಸಿ ಒಳಗಿನ ಪಾಚಿ ತೆಗೆಸಿ. ಥರ್ಮೋಸ್ಟ್ಯಾಟ್ ಕಿತ್ತು ಎಸೆಯುವ ಚಾಳಿ ನಮ್ಮ ಕಡೆ ಬಹಳ. ನಿಮ್ಮದರಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಹಾಕಿಸಿ.

ಎರಡನೆಯದು ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ಹೋಸನ್ನೂ ಪಂಪಿನ ಡಯಾಫ್ರಂನ್ನೂ ಮೆತ್ತಗೆ ಮಾಡಿ ತಿನ್ನುತ್ತದೆ. ತೇವವನ್ನು ಎಳೆದುಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಹೋಸುಗಳೆಲ್ಲ ಎಥನಾಲ್ ತಡೆಯುವ ವಿಟಾನ್ ರಬ್ಬರಿನವು ಆಗಲಿ. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು. ಹಾಗಾಗಿ ಹಳೆಯ ಸೆಟ್ಟಿಂಗಿನಲ್ಲಿ ಮಿಕ್ಸ್ಚರ್ ತೆಳ್ಳಗಾಗಿ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆಯಾಗಿ) ಎಂಜಿನ್ ಇನ್ನಷ್ಟು ಕಾಯುತ್ತದೆ. ಎಸ್‌ಯು ಕಂಪನಿಯ ಕಾರ್ಬುರೇಟರ್ ಆಗಿದ್ದರೆ ಪೆಟ್ರೋಲ್ ಪ್ರಮಾಣ ಹೊಂದಿಸುವ ಜೆಟ್ ನಟ್ಟಿನ ಆರು ಮುಖಗಳಲ್ಲಿ ಒಂದು ಮುಖದಷ್ಟು ಕೆಳಗಿಳಿಸಿ, ಓಡಿಸಿ, ಪ್ಲಗ್ಗಿನ ಬಣ್ಣ ನೋಡಿ. ಬೂದು ಬಿಳಿ ಇದ್ದರೆ ಇನ್ನೊಂದು ಮುಖ. ತಿಳಿಕಂದು ಬಂದಾಗ ಕೈ ತೆಗೆಯಿರಿ.

ಬ್ರೇಕು. ನಾಲ್ಕೂ ಡ್ರಮ್ ಆದರೂ ಡಿಸ್ಕ್ ಬೇಕಿಲ್ಲ, ಬೇಕಾದದ್ದು ಚಾಲಕನ ಬುದ್ಧಿ. ಡ್ರಮ್ ಕಾದರೆ ಹಿಡಿತ ಬಿಡುತ್ತದೆ. ಫ್ಲೂಯಿಡ್ ಹಳೆಯದಾಗಿ ನೀರು ಹೀರಿಕೊಂಡಿದ್ದರೆ ಅದೇ ಬಿಸಿಗೆ ಕುದಿದು, ಪೆಡಲ್ ನೇರ ನೆಲ ಮುಟ್ಟುತ್ತದೆ. ಹೊರಡುವ ಮುಂಚೆ ಫ್ಲೂಯಿಡ್ ಪೂರ್ತಿ ಬದಲಿಸಿ, ದಾರಿಯಲ್ಲಿ ಎರಡು ದಿನಕ್ಕೊಮ್ಮೆ ಲೈನರ್ ಅಡ್ಜಸ್ಟ್ ಮಾಡಿಕೊಳ್ಳಿ. ಹತ್ತಿದ ಗೇರಿನಲ್ಲೇ ಇಳಿ ಎಂದು ಹಳೆಯ ಲಾರಿ ಡ್ರೈವರುಗಳು ಹೇಳುತ್ತಿದ್ದುದು ಈ ಗಾಡಿಗೆ ಅಳತೆ ಮಾಡಿ ಹೊಲಿದಂತಿದೆ. ಆಗುಂಬೆಗೆ ಹೋಗಿ 14 ತಿರುವುಗಳನ್ನು ಎರಡು ಸಲ ಹತ್ತಿಳಿದು ಬನ್ನಿ. ನಿಮ್ಮ ಮೊದಲ ಗೇರಿಗೆ ಸಿಂಕ್ರೊಮೆಶ್ (ಗೇರುಗಳ ವೇಗವನ್ನು ತಾನೇ ಹೊಂದಿಸುವ ಏರ್ಪಾಡು) ಇಲ್ಲ. ಕಡಿದಾದ ತಿರುವಿನಲ್ಲಿ ಎರಡನೆಯದು ಸೋತಾಗ ಕ್ಲಚ್ಚನ್ನು ಎರಡು ಬಾರಿ ತುಳಿದು ಸದ್ದಿಲ್ಲದೆ ಮೊದಲನೆಯದಕ್ಕೆ ಇಳಿಸಲು ಅಲ್ಲಿಯೇ ಕಲಿಯಬೇಕು.

ಇನ್ನು ಭಾರ. ನನ್ನ ಮೊದಲ ದೂರದ ರ‍್ಯಾಲಿಗೆ ಡಿಕ್ಕಿಯಲ್ಲಿ ಒಂದು ಇಡೀ ಗೇರ್‌ಬಾಕ್ಸ್ ಹೊತ್ತೊಯ್ದಿದ್ದೆ. ಮೂರನೇ ದಿನ ಹಿಂದಿನ ಲೀಫ್ ಸ್ಪ್ರಿಂಗಿನ ಮುಖ್ಯ ಬ್ಲೇಡೇ ಮುರಿಯಿತು. ನನ್ನ ಬಳಿ ಗೇರ್‌ಬಾಕ್ಸ್ ಇತ್ತು, ಬ್ಲೇಡ್ ಇರಲಿಲ್ಲ! ಊರೊಂದರ ಕಮ್ಮಾರಸಾಲೆಯಲ್ಲಿ ಹಳೆಯ ಜೀಪಿನ ಬ್ಲೇಡು ಕಡಿಸಿ ಹಾಕಿಸಿಕೊಂಡೆ, ಗೇರ್‌ಬಾಕ್ಸನ್ನು ಅಲ್ಲಿಯೇ ಬಿಟ್ಟು ಬಂದೆ. ಪಾಯಿಂಟ್, ಕಂಡೆನ್ಸರ್, ರೋಟರ್, ಕಾಯಿಲ್, ಎರಡು ಫ್ಯಾನ್ ಬೆಲ್ಟ್, ಹೋಸುಗಳು, ವಾಟರ್ ಪಂಪ್, ಪೆಟ್ರೋಲ್ ಪಂಪ್, ಹೆಡ್ ಗ್ಯಾಸ್ಕೆಟ್, ಒಂದು ವೀಲ್ ಬೇರಿಂಗ್, ಒಂದು ಹಿಂದಿನ ಆ್ಯಕ್ಸಲ್ ಶಾಫ್ಟ್, ಬೈಂಡಿಂಗ್ ವೈರ್. ಇಷ್ಟು ಸಾಕು. ಎಂಜಿನ್ನಿನ ಕೆಳಗೆ ಆಯಿಲ್ ತೊಟ್ಟಿಯನ್ನು ಕಾಯುವ ಒಂದು ಗಟ್ಟಿ ಸಂಪ್ ಗಾರ್ಡ್ ಇರಲಿ. ಇಸುಝು ಎಂಜಿನ್ನಿಗೆ ತೆಗೆದಿಟ್ಟ ದುಡ್ಡು ಇದಕ್ಕೆಲ್ಲ ಆಗಿ ಉಳಿಯುತ್ತದೆ.

ಪ್ರಶ್ನೆ: ನಮ್ಮದು 1970ರ ಫಿಯಟ್ 1100. ನಮ್ಮ ಯಜಮಾನರು ಓಡಿಸುತ್ತಾರೆ, ನಾನು ದಾರಿ, ಸಮಯ ನೋಡಿ ಹೇಳುವ ನ್ಯಾವಿಗೇಟರ್. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳಾದ್ದರಿಂದ ಲೆಕ್ಕಕ್ಕೆ ಹೆದರಿಕೆಯಿಲ್ಲ. ಆದರೆ ಕಳೆದ ಸಲ ಸರಾಸರಿ ವೇಗದ ಭಾಗದಲ್ಲಿ ಪೆನಾಲ್ಟಿ ರಾಶಿ ಬಿತ್ತು, ದಾರಿಯ ಚಿತ್ರಗಳಿರುವ ರೋಡ್‌ಬುಕ್ ನೋಡುತ್ತ ವಾಕರಿಕೆಯೂ ಬಂತು.
— ಶಿವಮೊಗ್ಗದ ಓದುಗರು

ಉತ್ತರ: ಲೆಕ್ಕ ತಪ್ಪಿರಲಾರದು ಮೇಡಂ, ಕಾರಿನ ದೂರ ತೋರಿಸುವ ಮೀಟರ್ ತಪ್ಪಿರುತ್ತದೆ. ಈ ಭಾಗದಲ್ಲಿ ಸಂಘಟಕರು ಹೇಳಿದ ಸರಾಸರಿಯಲ್ಲೇ ಓಡಬೇಕು, ಮುಂಚೆ ಬಂದರೂ ತಡವಾದರೂ ಪೆನಾಲ್ಟಿ. ಗಂಟೆಗೆ 48 ಕಿ.ಮೀ. ಸರಾಸರಿ ಅಂದರೆ ಕಿಲೋಮೀಟರಿಗೆ 75 ಸೆಕೆಂಡು. ನಿಮ್ಮ ಮೀಟರ್ ಶೇ 2ರಷ್ಟು ಹೆಚ್ಚು ತೋರಿಸಿದರೆ 30 ಕಿ.ಮೀ. ಹೊತ್ತಿಗೆ 600 ಮೀಟರ್ ವ್ಯತ್ಯಾಸ, ಅಂದರೆ 45 ಸೆಕೆಂಡು. ನಿಮ್ಮ ಪೆನಾಲ್ಟಿ ರಾಶಿ ಅಲ್ಲಿಯೇ ಇದೆ.

ಸಂಘಟಕರು ಅಳೆದುಕೊಟ್ಟ ದೂರವನ್ನು ಮೊದಲು ಓಡಿಸಿ ನೋಡಿ. ಅವರ 10.00ಕ್ಕೆ ನಿಮ್ಮದು 10.20 ತೋರಿಸಿದರೆ ನಿಮ್ಮ ಅಂಕಿಯನ್ನು 0.98ರಿಂದ ಗುಣಿಸುತ್ತ ಹೋಗಿ. ಈ ಅಳತೆ ಮಾಡುವಾಗ ಇಬ್ಬರೂ ಕೂತಿರಬೇಕು, ಟೈರು ಬಿಸಿಯಾಗಿರಬೇಕು, ಗಾಳಿ ರ‍್ಯಾಲಿಯಲ್ಲಿ ಇಡುವಷ್ಟೇ ಇರಬೇಕು. ಗಾಳಿ ಬದಲಾದರೆ ಚಕ್ರದ ಸುತ್ತಳತೆಯೂ ಬದಲಾಗುತ್ತದೆ. ಓಡುವಾಗ ಗುಣಾಕಾರ ಬೇಡ. ಸರಾಸರಿಗೊಂದರಂತೆ ಹಿಂದಿನ ರಾತ್ರಿಯೇ ಕೋಷ್ಟಕ ಬರೆದುಕೊಳ್ಳಿ. 48ರಲ್ಲಿ 200 ಮೀಟರಿಗೆ 15 ಸೆಕೆಂಡು, ನೆನಪಿಡಲೂ ಸುಲಭ.

ಯಜಮಾನರಿಗೆ ‘ಸ್ವಲ್ಪ ಜೋರಾಗಿ ಹೋಗಿ’ ಅನ್ನಬೇಡಿ, ‘ನಾಲ್ಕು ಸೆಕೆಂಡು ಹಿಂದಿದ್ದೀವಿ’ ಅನ್ನಿ. ಮೊದಲನೆಯದಕ್ಕೆ ಜಗಳವಾಗುತ್ತದೆ, ಎರಡನೆಯದಕ್ಕೆ ಕಾಲು ಕೆಲಸ ಮಾಡುತ್ತದೆ. ದಾರಿ ತಪ್ಪಿದರೆ ಯಾರ ತಪ್ಪು ಎಂದು ಕೇಳುವ ಮುಂಚೆ ಕೊನೆಗೆ ಸರಿಯಾಗಿ ಗುರುತಿಸಿದ ಕೂಡುರಸ್ತೆಗೆ ವಾಪಸ್ ಹೋಗಿ.

ವಾಕರಿಕೆಗೆ: ರೋಡ್‌ಬುಕ್ಕನ್ನು ತೊಡೆಯ ಮೇಲಿಡದೆ ಎದೆಮಟ್ಟಕ್ಕೆ ಎತ್ತಿ ಹಿಡಿಯಿರಿ, ಎರಡು ಚಿತ್ರ ಒಟ್ಟಿಗೆ ಓದಿ ತಲೆ ಎತ್ತಿ ರಸ್ತೆ ನೋಡಿ. ಕಿಟಕಿ ತೆರೆದಿರಲಿ. ಬೆಳಗ್ಗೆ ಎಣ್ಣೆ ತಿಂಡಿ ಬಿಡಿ, ಒಣಶುಂಠಿ ಬಾಯಲ್ಲಿರಲಿ.

ಪ್ರಶ್ನೆ: 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಮಾಡಿಸಿದರೆ ರ‍್ಯಾಲಿಗೆ ಅನುಕೂಲವೇ?
— ಮೈಸೂರಿನ ಓದುಗರು

ಉತ್ತರ: ಕಾರನ್ನು ಹೇಗೆ ಬಳಸುತ್ತೀರಿ ಎಂಬುದರ ಮೇಲೆ ಹೋಗುತ್ತದೆ. 2021ರಲ್ಲಿ ಕೇಂದ್ರ ತಂದ ನಿಯಮದ ಪ್ರಕಾರ ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಊರ್ಜಿತ, ಸಂಖ್ಯೆಯಲ್ಲಿ ‘ವಿಎ’ ಅಕ್ಷರ ಬರುತ್ತದೆ. ಹಿಂದೆಯೇ ನೋಂದಣಿಯಾದ ಕಾರು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಒಮ್ಮೆ ಇದಕ್ಕೆ ಸೇರಿಸಿದರೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು; ದಿನನಿತ್ಯದ ಓಡಾಟಕ್ಕಿಲ್ಲ. ಭಾನುವಾರ ನಂಜನಗೂಡಿಗೆ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಅಭ್ಯಾಸವಿದ್ದರೆ ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಮೇಲು. ಷಾಸಿ, ಬಾಡಿ, ಎಂಜಿನ್ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದೆಂದೂ ಅದೇ ನಿಯಮ ಹೇಳುತ್ತದೆ. ಮೇಲಿನ ಹುಬ್ಬಳ್ಳಿಯವರು ಇದನ್ನೂ ತಮ್ಮ ಮೇಸ್ತ್ರಿಗೆ ಓದಿ ಹೇಳಲಿ.